ಪ್ರಾರ್ಥನೆಯ ಪುಸ್ತಕ ಯಾರ ಸ್ವತ್ತು?



ಇಂದಿನ ಚಿಂತನೆ ಬರೆಯುವ ಸರದಿ ನನ್ನದು. ಎರಡನೆಯ ಶೀಲದ ಬಗ್ಗೆ, ಅಂದರೆ ಕೊಡದೆ ಇರುವುದನ್ನು ತೆಗೆದುಕೊಳ್ಳಬಾರದು ಎಂಬುದರ ಬಗ್ಗೆ ಬರೆಯುತ್ತೇನೆ ಎಂದು ಕಳೆದ ವಾರ ಗುಂಪಿನಲ್ಲಿ ಹೇಳಿದ್ದೆ. ಸುಲಭದ ವಿಷಯ ಅಂದುಕೊಂಡಿದ್ದೆ. ಶಾಲೆಯಲ್ಲಿ ವಾರಕ್ಕೊಮ್ಮೆಯಾದರೂ ಯಾವುದೋ ಮಗುವಿನ ಜೇಬಿನಲ್ಲಿ ಇನ್ನೊಂದು ಮಗುವಿನ ಪೆನ್ಸಿಲ್ ಸಿಗುತ್ತದೆ. "ಕದ್ದಿದ್ದಲ್ಲ ಮಿಸ್, ಕೆಳಗೆ ಬಿದ್ದಿತ್ತು, ಎತ್ತಿಟ್ಟುಕೊಂಡೆ" ಎನ್ನುತ್ತಾರೆ. ಆ ಉತ್ತರದಿಂದಲೇ ಶುರು ಮಾಡೋಣ ಎಂದು ಕೂತವಳಿಗೆ ಕೈ ಓಡಲಿಲ್ಲ. ಯಾಕೆ ಎನ್ನುವುದಕ್ಕೆ ಸ್ವಲ್ಪ ಸುತ್ತಿ ಬರಬೇಕು.

ನನ್ನ ಬೀರುವಿನಲ್ಲಿ ಒಂದು ಹಳೆಯ ಕೈಬರಹದ ವಂದನಾ ಪುಸ್ತಕ ಇದೆ. ಅದರ ಅಂಚಿನಲ್ಲಿ ಹುಳ ತಿಂದ ಸಣ್ಣ ತೂತುಗಳು ಕಂಡವು. ಹಳೆಯ ಪ್ರಾರ್ಥನಾ ಪುಸ್ತಕ ಉಳಿಸುವುದು ಹೇಗೆ ಎಂದು ಫೋನಿನಲ್ಲಿ ಹುಡುಕುತ್ತಾ ಹೋಗಿ ಎಲ್ಲಿಗೋ ತಲುಪಿದೆ: ಹಸಿದಿ ಯಹೂದಿಗಳ ಪ್ರಾರ್ಥನಾ ಪುಸ್ತಕಗಳು, ಅವನ್ನು ಊರೂರು ಅಲೆದು ಕೂಡಿಡುವವರು, ಅವುಗಳ ಹರಾಜು, ಅವುಗಳಿಗಾಗಿ ನಡೆದ ಕೋರ್ಟು ಕಚೇರಿ. ಹದಿನೈದು ರಾತ್ರಿ ಅದನ್ನೇ ಓದಿದ್ದೇನೆ. ಉತ್ತರ ಪತ್ರಿಕೆಗಳ ಕಟ್ಟು ಹಾಗೇ ಇದೆ.

ಹಸಿದಿಗಳು ಯಾರೆಂದು ಚುಟುಕಾಗಿ ಹೇಳುತ್ತೇನೆ. 18ನೇ ಶತಮಾನದಲ್ಲಿ, ಈಗಿನ ಉಕ್ರೇನ್ ಇರುವ ಕಡೆ, ಬಾಲ್ ಶೆಮ್ ತೋವ್ ಎಂದು ಜನ ಕರೆಯುತ್ತಿದ್ದ ಒಬ್ಬ ಗುರುವಿನ ಸುತ್ತ ಬೆಳೆದ ಪಂಥ ಅದು. ಅವರು 1760ರಲ್ಲಿ ತೀರಿಕೊಂಡರು. ಶಾಸ್ತ್ರ ಓದಿದ ಪಂಡಿತನಿಗೆ ಮಾತ್ರವಲ್ಲ, ಅಕ್ಷರ ಬಾರದ ಗಾಡಿ ಹೊಡೆಯುವವನ ಪ್ರಾರ್ಥನೆಗೂ ಅಷ್ಟೇ ಬೆಲೆ ಎಂಬುದು ಅವರ ಮಾತಿನ ಸಾರ. ಪಂಡಿತರಿಗೆ ಇದು ಹಿಡಿಸಲಿಲ್ಲ. 1772ರಲ್ಲಿ ವಿಲ್ನಾ ನಗರದ ಮುಖ್ಯಸ್ಥರು ಈ ಹೊಸಬರಿಗೆ ಬಹಿಷ್ಕಾರ ಹಾಕಿದರು. ಪ್ರಾರ್ಥನೆಯ ಪಾಠವನ್ನೇ ಬದಲಿಸಿಕೊಂಡರು, ಪ್ರತ್ಯೇಕ ಮನೆಗಳಲ್ಲಿ ಸೇರಿ ಪ್ರಾರ್ಥಿಸುತ್ತಾರೆ ಎಂಬುದೂ ಅವರ ಮೇಲಿನ ದೂರುಗಳಲ್ಲಿ ಸೇರಿತ್ತು. ಪುಸ್ತಕ ಬದಲಿಸಿದ್ದಕ್ಕೆ ಬಹಿಷ್ಕಾರ! ಇದನ್ನು ಓದುವಾಗ ನನಗೆ ನಮ್ಮ ಊರುಗಳೇ ನೆನಪಾದವು, ಬಿಡಿ. ಈ ಹಸಿದಿಗಳಲ್ಲಿ ಒಂದು ಶಾಖೆಯ ಹೆಸರು ನೀವು ಕೇಳಿಯೇ ಇರುತ್ತೀರಿ. 2008ರ ಮುಂಬೈ ದಾಳಿಯಲ್ಲಿ ನಾರಿಮನ್ ಹೌಸ್ ಎಂದು ಟಿವಿಯಲ್ಲಿ ತೋರಿಸುತ್ತಿದ್ದರಲ್ಲ, ಅದು ಅವರ ಚಬಾದ್ ಕೇಂದ್ರ.

ಅವರ ಪ್ರಾರ್ಥನಾ ಪುಸ್ತಕಕ್ಕೆ ಸಿದ್ದೂರ್ ಎನ್ನುತ್ತಾರೆ. ದಿನಕ್ಕೆ ಮೂರು ಹೊತ್ತು ಅದನ್ನು ಕೈಗೆತ್ತಿಕೊಳ್ಳಬೇಕು. ಮೇಣದ ಬತ್ತಿ ತೊಟ್ಟಿಕ್ಕುತ್ತದೆ, ಹಾಳೆಯ ಮೂಲೆ ಬೆರಳಿನ ಎಣ್ಣೆ ಹಿಡಿಯುತ್ತದೆ, ಚಳಿಗಾಲದಲ್ಲಿ ಕೋಟಿನ ಒಳಗೆ ಸೇರಿ ಬೆವರು ಕುಡಿಯುತ್ತದೆ, ಮಕ್ಕಳ ಕೈಗೂ ಸಿಗುತ್ತದೆ. ಚಬಾದ್ ಪಂಥದ ಮೊದಲ ಗುರು ಶ್ನೆಯೂರ್ ಜಲ್ಮನ್ ಅವರು ಪರಿಷ್ಕರಿಸಿದ ಸಿದ್ದೂರ್ 1803ರಲ್ಲಿ ಶ್ಕ್ಲೋವ್ ಎಂಬ ಊರಿನಲ್ಲಿ ಅಚ್ಚಾಯಿತು. ಆ ಮೊದಲ ಮುದ್ರಣದ ಒಂದೇ ಒಂದು ಪ್ರತಿಯೂ ಇಂದು ಕೈಗೆ ಸಿಕ್ಕಿಲ್ಲ.

ಹರಿದುಹೋದ ಪುಸ್ತಕವನ್ನು ಅವರು ರದ್ದಿಗೆ ಹಾಕುವುದಿಲ್ಲ, ಸುಡುವುದೂ ಇಲ್ಲ. ಗೆನೀಜಾ ಎಂಬ ಜಾಗದಲ್ಲಿ ಕೂಡಿಟ್ಟು, ಆಮೇಲೆ ಸ್ಮಶಾನಕ್ಕೆ ಒಯ್ದು ಮನುಷ್ಯರನ್ನು ಮಣ್ಣು ಮಾಡುವ ಹಾಗೆ ಮಣ್ಣು ಮಾಡುತ್ತಾರೆ. ಇದು ಗೊತ್ತಾದ ಮೇಲೆ 'ಅಪರೂಪದ ಪ್ರತಿ' ಎಂಬ ಮಾತೇ ನನಗೆ ವಿಚಿತ್ರವಾಗಿ ಕೇಳಿಸತೊಡಗಿತು. ಎದೆಗೊತ್ತಿ ಓದಿದ ಪುಸ್ತಕಗಳು ಮಣ್ಣಿಗೆ ಹೋದವು. ಯಾರ ಕೈಗೂ ಅಷ್ಟಾಗಿ ಸಿಗದೆ ಕಪಾಟಿನಲ್ಲಿ ಕೂತದ್ದು ನೂರೈವತ್ತು ವರ್ಷ ಉಳಿದು ಇವತ್ತು ಲಕ್ಷಗಟ್ಟಲೆ ಬೆಲೆಗೆ ಹೋಗುತ್ತದೆ. ಪೂರ್ತಿ ಹೀಗೆಯೇ ಎಂದೂ ಹೇಳಲಾಗದು. ಇಂಥ ಗುರು ಹಿಡಿದು ಪ್ರಾರ್ಥಿಸಿದ್ದು ಎಂಬ ಗುರುತಿದ್ದರೆ ಕಲೆಯಾದ, ಸವೆದ ಪ್ರತಿಗೇ ಬೆಲೆ ಹೆಚ್ಚು. ಆದರೆ ಗುರುವಿನ ಕೈಬೆವರಿಗೆ ಸಿಗುವ ಬೆಲೆ ಗಾಡಿಯವನ ಕೈಬೆವರಿಗೆ ಸಿಗುವುದಿಲ್ಲ. ಪಂಥ ಹುಟ್ಟಿದ್ದು ಯಾವ ಮಾತಿನಿಂದ ಎಂದು ನೆನಪಿಸಿಕೊಂಡರೆ ಇದು ಚುಚ್ಚುತ್ತದೆ.

ಸಂಗ್ರಹಕಾರರ ಮೇಲೆ ನನಗೆ ಕೋಪವಿಲ್ಲ, ಅವರ ಕಸುಬಿನ ಮೇಲೆ ಗೌರವವೇ ಇದೆ. ಹಳೆಯ ಹಸಿದಿ ಪುಸ್ತಕಗಳಲ್ಲಿ ಎಷ್ಟೋ ಸಲ ಮುಖಪುಟವೇ ಇರುವುದಿಲ್ಲ, ಮೊದಲು ಹರಿಯುವುದು ಅದೇ ತಾನೆ. ಇದ್ದರೂ ಸರ್ಕಾರದ ಕಣ್ಣು ತಪ್ಪಿಸಲು ಮುದ್ರಕರು ಊರಿನ ಹೆಸರನ್ನೋ ಇಸವಿಯನ್ನೋ ಬಿಟ್ಟಿರುತ್ತಾರೆ. ಆಗ ಅಚ್ಚಿನ ಮೊಳೆಯ ಆಕಾರ, ಕಾಗದದ ನೀಲಿ ಛಾಯೆ, ಅಂಚಿನಲ್ಲಿ ಯಾರೋ ಬರೆದ ಹೆಸರು ಇವನ್ನೆಲ್ಲ ಸೇರಿಸಿ ಇದು ಇಂಥ ಊರಿನದು, ಇಂಥ ಕಾಲದ್ದು ಎಂದು ಹೇಳಬೇಕು. ಎಂಎ ಓದುವಾಗ ಗ್ರಂಥಸಂಪಾದನೆ ನನ್ನ ಪ್ರೀತಿಯ ವಿಷಯವಾಗಿತ್ತು. ಲಿಪಿಕಾರನ ತಪ್ಪಿನಿಂದಲೇ ಓಲೆಗರಿಯ ವಂಶ ಹಿಡಿಯುವ ಆ ಖುಷಿ ನನಗೆ ಗೊತ್ತು. ಅದೇ ಖುಷಿ ನನ್ನನ್ನು ತಪ್ಪಿಗೂ ಎಳೆಯಿತು, ಅದು ಮುಂದೆ.

ಸಂಗ್ರಹಕಾರರು ಹಂಬಲಿಸುವ ಹೆಸರುಗಳಲ್ಲಿ ಒಂದು ಸ್ಲಾವುತಾ. ಹಸಿದಿ ಗುರುವೊಬ್ಬರ ಮಗ ಮೋಶೆ ಶಪೀರಾ 18ನೇ ಶತಮಾನದ ಕೊನೆಯಲ್ಲಿ ಅಲ್ಲಿ ಅಚ್ಚುಕೂಟ ಹಾಕಿದರು. ಅಚ್ಚಿನ ಮೊಳೆಗಳನ್ನು ಶುದ್ಧಿಸ್ನಾನದ ಕೊಳದಲ್ಲಿ ಅದ್ದಿ ಬಳಸುತ್ತಿದ್ದರು ಎಂಬ ಕತೆ ಇದೆ. 1835ರಲ್ಲಿ ಆ ಅಚ್ಚುಕೂಟದ ಕೆಲಸಗಾರನೊಬ್ಬ ನೇಣು ಬಿದ್ದ ಸ್ಥಿತಿಯಲ್ಲಿ ಸಿಕ್ಕಿದ. ಕೊಲೆಯ ಆರೋಪ ಮೋಶೆಯ ಇಬ್ಬರು ಮಕ್ಕಳ ಮೇಲೆ ಬಂತು. ಅವರನ್ನು ಸೈನಿಕರ ಎರಡು ಸಾಲಿನ ನಡುವೆ ನಡೆಸಿ ಹೊಡೆಸಿದರು, ವರ್ಷಗಟ್ಟಲೆ ಸೆರೆಯಲ್ಲಿಟ್ಟರು. ಸಾಲಿನ ನಡುವೆ ಒಬ್ಬನ ತಲೆಯ ಟೋಪಿ ಬಿತ್ತಂತೆ, ಅದನ್ನು ಎತ್ತಿ ಹಾಕಿಕೊಳ್ಳಲು ಆತ ನಿಂತನಂತೆ, ಅಷ್ಟು ಹೊತ್ತೂ ಏಟು ಬೀಳುತ್ತಲೇ ಇತ್ತಂತೆ. ಇದೂ ಕತೆಯೇ, ಆದರೆ ಹೊಡೆತ ನಿಜ. 1836ರಲ್ಲಿ ಜಾರ್ ಸರ್ಕಾರ ಯಹೂದಿ ಅಚ್ಚುಕೂಟಗಳನ್ನು ಎರಡನ್ನು ಬಿಟ್ಟು ಮುಚ್ಚಿಸಿತು. 1847ರಲ್ಲಿ ಶಪೀರಾ ಮನೆತನದ ಮುಂದಿನ ತಲೆಮಾರು ಝಿಟೋಮಿರ್‌ನಲ್ಲಿ ಮತ್ತೆ ಅಚ್ಚು ಹಾಕಿತು. ಸ್ಲಾವುತಾದ ಪುಸ್ತಕ ಮನೆಯಲ್ಲಿದ್ದರೆ ರಕ್ಷೆ, ಹೆರಿಗೆಯ ಹೆಂಗಸಿನ ತಲೆದಿಂಬಿನ ಕೆಳಗಿಟ್ಟರೆ ಒಳ್ಳೆಯದು ಎಂದು ನಂಬುವವರೂ ಇದ್ದಾರೆ. ನಮ್ಮ ಗುಂಪಿನವರಿಗೆ ಇದನ್ನು ಓದಿ ನಗು ಬರಬಹುದು. ನನಗೂ ಬಂತು. ಆಮೇಲೆ ನನ್ನ ಪುಸ್ತಕಕ್ಕೆ ನಾನು ಸುತ್ತಿಟ್ಟ ಬಿಳಿ ಬಟ್ಟೆ ನೋಡಿ ಸುಮ್ಮನಾದೆ.

ಇನ್ನು ಯುದ್ಧದ ಕಾಲದ್ದು. ನಾಜಿಗಳು ಯಹೂದಿಗಳನ್ನು ಕೊಂದರು, ಅವರ ಪುಸ್ತಕಗಳನ್ನು ಎಷ್ಟೋ ಕಡೆ ಸುಟ್ಟರು, ಎಷ್ಟೋ ಕಡೆ ಹೊತ್ತೊಯ್ದರು. 1946ರಲ್ಲಿ ಅಮೆರಿಕದ ಸೇನೆ ಜರ್ಮನಿಯ ಆಫೆನ್‌ಬಾಖ್ ಎಂಬಲ್ಲಿ ಒಂದು ಉಗ್ರಾಣ ತೆರೆದು ಇಂಥ ಲೂಟಿಯ ಪುಸ್ತಕಗಳನ್ನು ವಿಂಗಡಿಸಲು ಕೂತಿತು. ಮೂವತ್ತು ಲಕ್ಷಕ್ಕೂ ಹೆಚ್ಚು ಅಲ್ಲಿ ಹಾದುಹೋದವು. ಪುಸ್ತಕದೊಳಗಿನ ಮುದ್ರೆ, ಹೆಸರಿನ ಚೀಟಿಗಳನ್ನು ಫೋಟೋ ತೆಗೆದು, ಅವನ್ನು ನೋಡಿ ಯಾವ ದೇಶಕ್ಕೆ, ಯಾವ ಗ್ರಂಥಾಲಯಕ್ಕೆ ಸೇರಬೇಕೆಂದು ಹುಡುಕಿದರು. ಹೆಸರಿತ್ತು, ಊರಿತ್ತು, ಬಂದು ಇಸಿದುಕೊಳ್ಳಲು ಯಾರೂ ಉಳಿದಿರಲಿಲ್ಲ, ಅಂಥವು ಸುಮಾರು ಐದು ಲಕ್ಷ. ಅವನ್ನು ಹಂಚುವ ಸಂಸ್ಥೆಯಲ್ಲಿ ತತ್ವಜ್ಞಾನಿ ಹನ್ನಾ ಅರೆಂಟ್ ದುಡಿದರು.

ಇಂಥ ಹೊತ್ತಿನಲ್ಲಿ ಗುಜರಿಯಿಂದಲೋ ಸಂತೆಯಿಂದಲೋ ಒಂದು ಸಿದ್ದೂರ್ ಎತ್ತಿ ಉಳಿಸಿದವನನ್ನು ಕಳ್ಳ ಎನ್ನಲು ಸಾಧ್ಯವೇ? ಅವನಿಲ್ಲದಿದ್ದರೆ ಅದು ಒಲೆಗೆ ಹೋಗುತ್ತಿತ್ತು. ಆದರೆ ಅದೇ ವಾದ ಎಷ್ಟು ದೂರ ಹೋಗುತ್ತದೆ ನೋಡಿ. 2021ರ ಜುಲೈನಲ್ಲಿ ಅಮೆರಿಕದ ಅಧಿಕಾರಿಗಳು ಬ್ರೂಕ್ಲಿನ್‌ನ ಒಂದು ಹರಾಜು ಮನೆಯಿಂದ 17 ಹಸ್ತಪ್ರತಿ, ಸುರುಳಿಗಳನ್ನು ವಶಪಡಿಸಿಕೊಂಡರು. ರೊಮೇನಿಯಾ, ಹಂಗೇರಿ, ಉಕ್ರೇನ್, ಸ್ಲೊವಾಕಿಯಾದ ಯಹೂದಿ ಸಮುದಾಯಗಳು ತಮ್ಮ ಸತ್ತವರ ಹೆಸರು, ಸಮುದಾಯದ ಲೆಕ್ಕ ಬರೆದಿಟ್ಟಿದ್ದ ದಾಖಲೆಗಳು ಅವು. ಸಮುದಾಯವೇ ನಾಶವಾದ ಮೇಲೆ ಯಾರ ಕೈಗೋ ಸಿಕ್ಕಿ, ಕೈಯಿಂದ ಕೈಗೆ ಸಾಗಿ, ಕೊನೆಗೆ ಹರಾಜಿನ ಪಟ್ಟಿಗೆ ಬಂದಿದ್ದವು. "ಕೆಳಗೆ ಬಿದ್ದಿತ್ತು ಮಿಸ್."

ನನ್ನ ನಿದ್ದೆ ಕೆಡಿಸಿದ್ದು ಮಾತ್ರ ಇನ್ನೊಂದು ಪ್ರಕರಣ. ಇದರಲ್ಲಿ ಕಳ್ಳನೆಂಬ ಮುಖದವರು ಯಾರೂ ಇಲ್ಲ.

ಚಬಾದ್ ಪಂಥದ ಆರನೆಯ ಗುರು ಯೋಸೆಫ್ ಯಿತ್ಝಾಕ್ ಶ್ನೀರ್ಸನ್ ಪುಸ್ತಕಗಳನ್ನು ಪ್ರಾಣದಂತೆ ಕೂಡಿಟ್ಟವರು. 1927ರಲ್ಲಿ ಸೋವಿಯತ್ ಸರ್ಕಾರ ಅವರನ್ನು ಬಂಧಿಸಿ ಬಿಟ್ಟ ಮೇಲೆ ದೇಶ ಬಿಟ್ಟರು. 1940ರ ಮಾರ್ಚ್‌ನಲ್ಲಿ ನಾಜಿಗಳು ಹಿಡಿದಿದ್ದ ವಾರ್ಸಾದಿಂದ ತಪ್ಪಿಸಿಕೊಂಡು ನ್ಯೂಯಾರ್ಕ್ ಸೇರಿದರು. 1950ರಲ್ಲಿ ತೀರಿಕೊಂಡರು. ಬ್ರೂಕ್ಲಿನ್‌ನ ಈಸ್ಟರ್ನ್ ಪಾರ್ಕ್‌ವೇ ರಸ್ತೆಯ 770ನೇ ನಂಬರಿನ ಕಟ್ಟಡದಲ್ಲಿ ಅವರ ಗ್ರಂಥಾಲಯ ಉಳಿಯಿತು. ಅವರ ಅಳಿಯ ಮೆನಾಖೆಮ್ ಮೆಂಡೆಲ್ ಶ್ನೀರ್ಸನ್ ಏಳನೆಯ ಗುರುವಾದರು.

1985ರ ಹೊತ್ತಿಗೆ ಕಪಾಟುಗಳಲ್ಲಿ ಖಾಲಿ ಜಾಗ ಕಾಣತೊಡಗಿತು. ಗುಟ್ಟಾಗಿ ಕ್ಯಾಮೆರಾ ಇಟ್ಟು ನೋಡಿದರೆ ರಾತ್ರಿ ಹೊತ್ತು ಬಂದು ಒಯ್ಯುತ್ತಿದ್ದವರು ಆರನೆಯ ಗುರುವಿನ ಸ್ವಂತ ಮೊಮ್ಮಗ. ಒಟ್ಟು ಸುಮಾರು 400 ಪುಸ್ತಕ ಹೋಗಿದ್ದವು, ಕೆಲವು ಆಗಲೇ ವ್ಯಾಪಾರಿಗಳ ಕೈ ಸೇರಿದ್ದವು. ಮೊಮ್ಮಗ ಮುಚ್ಚಿಡಲಿಲ್ಲ. ತಾತ ಉಯಿಲು ಬರೆದಿಲ್ಲ, ಪುಸ್ತಕಗಳು ಅವರವು, ಹಾಗಾದರೆ ಅವು ಹೆಣ್ಣುಮಕ್ಕಳಿಬ್ಬರಿಗೆ ಸೇರಬೇಕು, ಹಿರಿಯ ಮಗಳಾದ ನನ್ನ ತಾಯಿಯ ಒಪ್ಪಿಗೆ ನನಗಿದೆ ಎಂದರು. ತಾಯಿಯೂ ಮಗನ ಪರ ನಿಂತರು. ಕಾನೂನಿನ ಕಣ್ಣಲ್ಲಿ ನೋಡಿದರೆ ಹುರುಳಿಲ್ಲದ ವಾದವೇನಲ್ಲ. ತಾತನ ಪುಸ್ತಕ ಮೊಮ್ಮಗನಿಗಲ್ಲದೆ ಇನ್ಯಾರಿಗೆ ಎಂದು ನಮ್ಮ ಮನೆಗಳಲ್ಲೂ ಹೇಳುತ್ತೇವೆ.

ಪಂಥದವರು ಫೆಡರಲ್ ಕೋರ್ಟಿಗೆ ಹೋದರು. ಮುಖ್ಯ ಸಾಕ್ಷ್ಯ ಆರನೆಯ ಗುರು 1946ರಲ್ಲಿ ಅಲೆಕ್ಸಾಂಡರ್ ಮಾರ್ಕ್ಸ್ ಎಂಬ ಗ್ರಂಥಪಾಲಕರಿಗೆ ಬರೆದಿದ್ದ ಪತ್ರ. ಪೋಲೆಂಡಿನಲ್ಲಿ ಉಳಿದ ಪುಸ್ತಕ, ಹಸ್ತಪ್ರತಿಗಳನ್ನು ಮರಳಿ ತರಲು ನೆರವು ಕೋರಿ ಬರೆದ ಆ ಪತ್ರದಲ್ಲಿ, ಇವು ನನ್ನ ಖಾಸಗಿ ಸ್ವತ್ತಲ್ಲ, ಸಮುದಾಯದ ಸೊತ್ತು ಎಂಬರ್ಥದ ಮಾತಿತ್ತು. ಅದು ಅಮೆರಿಕ ಸರ್ಕಾರದ ಸಹಾಯ ಸಿಗಲಿ ಎಂದು ಬರೆದ ಮಾತಷ್ಟೇ ಎಂದು ಮೊಮ್ಮಗನ ಕಡೆಯವರು ವಾದಿಸಿದರು. ಅಂಥ ಗುರು ಸುಳ್ಳು ಬರೆದರೆಂದು ನಂಬಲು ನ್ಯಾಯಾಧೀಶ ಚಾರ್ಲ್ಸ್ ಸಿಫ್ಟನ್ ಒಪ್ಪಲಿಲ್ಲ. 1987ರ ಜನವರಿ 6ರಂದು ತೀರ್ಪು ಪಂಥದ ಪರ ಬಂತು, ಅದೇ ವರ್ಷ ಮೇಲ್ಮನವಿಯಲ್ಲೂ ಅದೇ ನಿಂತಿತು. ಇಂದಿಗೂ ಅವರು ಆ ದಿನವನ್ನು ಆಚರಿಸುತ್ತಾರೆ, ಹೊಸ ಪುಸ್ತಕ ಕೊಳ್ಳುತ್ತಾರೆ. ಗೆದ್ದ ಮೇಲೆ ಏಳನೆಯ ಗುರು ಹೇಳಿದ್ದು ಕಪಾಟಿಗೆ ಇನ್ನೊಂದು ಬೀಗ ಹಾಕಿ ಎಂದಲ್ಲ, ಪುಸ್ತಕ ಓದಿ, ಓದುವುದನ್ನು ಹೆಚ್ಚಿಸಿ ಎಂದು.

ತೀರ್ಪಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಿರಿಯ ಮಗಳು ಖಾಯಾ ಮುಷ್ಕಾ ಕೊಟ್ಟ ಹೇಳಿಕೆ. ಆಕೆ ಏಳನೆಯ ಗುರುವಿನ ಹೆಂಡತಿ. ಕುಟುಂಬದ ಆಸ್ತಿ ಎಂದಾಗಿದ್ದರೆ ಅರ್ಧ ಪಾಲು ಆಕೆಯದೇ. ಎದುರು ಕಡೆ ನಿಂತಿದ್ದವಳು ಒಡಹುಟ್ಟಿದ ಅಕ್ಕ. ಪುಸ್ತಕಗಳು ಯಾರವು ಎಂದು ಕೇಳಿದಾಗ ಆಕೆ ಹೇಳಿದ ಮಾತಿನ ತಾತ್ಪರ್ಯ ಇಷ್ಟು: ಅವು ಹಸಿದಿಗಳವು, ಯಾಕೆಂದರೆ ನಮ್ಮ ಅಪ್ಪನೇ ಹಸಿದಿಗಳಿಗೆ ಸೇರಿದವರು.

ಎಷ್ಟು ಸಲ ಓದಿದೆನೋ ಈ ಮಾತನ್ನು. ಪುಸ್ತಕ ಯಾರದು ಎಂದು ಕೇಳಿದರೆ, ಅಪ್ಪ ಯಾರವನು ಎಂದು ಉತ್ತರ ಕೊಟ್ಟಳು ಆಕೆ.

ಆ ಗ್ರಂಥಾಲಯದಲ್ಲೇ ಬಾಲ್ ಶೆಮ್ ತೋವ್ ಅವರದೆನ್ನುವ ಕೈಬರಹದ ಸಿದ್ದೂರ್ ಇದೆ. ತಮ್ಮನ್ನು ಪ್ರಾರ್ಥನೆಯಲ್ಲಿ ನೆನೆಯಲಿ ಎಂದು ಶಿಷ್ಯರು ಅದರಲ್ಲಿ ಹೆಸರು ಬರೆದಿದ್ದಾರೆ. ಯೋಚಿಸಿ, ಪಂಥದಲ್ಲೇ ಅತ್ಯಂತ ಅಮೂಲ್ಯವಾದ ಪುಸ್ತಕದ ತುಂಬ ಬೇರೆಯವರ ಹೆಸರುಗಳು.

ಸಮುದಾಯದ್ದು ಎಂದ ಕೂಡಲೇ ಎಲ್ಲ ಬಗೆಹರಿಯುತ್ತದೆ ಎಂದೂ ಅಲ್ಲ. ಇದೇ ಪಂಥದ ಇನ್ನೊಂದು ಹಳೆಯ ಸಂಗ್ರಹ, ಸುಮಾರು 12,000 ಪುಸ್ತಕ, ರಷ್ಯಾದ ಕ್ರಾಂತಿಯ ನಂತರ ಮಾಸ್ಕೋದ ಸರ್ಕಾರಿ ಗ್ರಂಥಾಲಯ ಸೇರಿತು. ಕೊಡಿ ಎಂದು ಚಬಾದ್ ಕೇಳುತ್ತಲೇ ಬಂದಿದೆ. 2010ರಲ್ಲಿ ಅಮೆರಿಕದ ಕೋರ್ಟು ಹಿಂತಿರುಗಿಸಲು ಆದೇಶಿಸಿತು, 2013ರಲ್ಲಿ ದಿನಕ್ಕೆ 50,000 ಡಾಲರ್ ದಂಡ ಹಾಕಿತು. ಇವು ರಾಷ್ಟ್ರದ ಸಂಪತ್ತು ಎನ್ನುವುದು ರಷ್ಯಾದ ಉತ್ತರ. ಮಾಸ್ಕೋದ ಯಹೂದಿ ವಸ್ತುಸಂಗ್ರಹಾಲಯಕ್ಕೆ ಪುಸ್ತಕ ಸಾಗಿಸುವ ಏರ್ಪಾಡು ಮಾಡಿತು, ಅಷ್ಟೇ. ನ್ಯೂಯಾರ್ಕಿನಲ್ಲಿ ಕುಟುಂಬಕ್ಕಿಂತ ಸಮುದಾಯ ದೊಡ್ಡದೆಂದು ಗೆದ್ದವರಿಗೆ, ಸಮುದಾಯಕ್ಕಿಂತ ರಾಷ್ಟ್ರ ದೊಡ್ಡದೆಂದು ಮಾಸ್ಕೋದಲ್ಲಿ ಹೇಳಲಾಗುತ್ತಿದೆ. ದೊಡ್ಡದು ಎಂಬ ಮಾತನ್ನು ಅಳತೆಗೋಲಾಗಿ ಹಿಡಿದರೆ ಯಾವಾಗಲೂ ಬಲಾಢ್ಯನೇ ಗೆಲ್ಲುತ್ತಾನೆ. ಅಳೆಯಬೇಕಾದ್ದು ಬೇರೆ ಏನೋ ಇದೆ. ಆ ಪುಸ್ತಕ ಹಿಡಿದು ಕೂರುವವರು ಯಾರು, ಅದರಲ್ಲಿರುವ ಹೆಸರು ಯಾರದು ಎಂಬುದರ ಹತ್ತಿರ ಎಲ್ಲೋ.

ಈಗ ನನ್ನ ಬೀರು. 2003ರಲ್ಲಿ ಎಂಎ ಮುಗಿಸಿ ಊರಿಗೆ ಹೋಗಿದ್ದಾಗ ನಮ್ಮ ಕೇರಿಯ ಸಮುದಾಯ ಭವನದ ಹೆಂಚು ಸೋರುತ್ತಿತ್ತು. ಕಿಟಕಿಯ ಮೇಲೆ ಕೆಂಪು ಬಟ್ಟೆಯ ಬೆನ್ನಿನ ಲೆಕ್ಕದ ಪುಸ್ತಕ. ಪಾಲಿಯ ವಂದನೆಗಳನ್ನು ಯಾರೋ ಹಿರಿಯರು ಕನ್ನಡ ಅಕ್ಷರದಲ್ಲಿ ಕೇಳಿದ ಹಾಗೆ ಬರೆದದ್ದು, ತಪ್ಪುಗಳ ಸಮೇತ. ಆ ತಪ್ಪುಗಳು ನನಗೆ ಚಿನ್ನದ ಹಾಗೆ ಕಂಡವು. ಒದ್ದೆಯಾಗಿ ಹಾಳಾಗುತ್ತದೆ, ಇವರಿಗೆ ಇದರ ಬೆಲೆ ಗೊತ್ತಿಲ್ಲ ಎಂದುಕೊಂಡೆ. ಯಾರನ್ನೂ ಕೇಳಲಿಲ್ಲ. ಚೀಲದಲ್ಲಿ ಹಾಕಿಕೊಂಡು ಬಂದೆ. ನುಸಿಗುಳಿಗೆ ಹಾಕಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟೆ. ಮನೆಗೆ ಬಂದವರಿಗೆ ತೋರಿಸಿದೆ. ಒಬ್ಬ ಸಂಶೋಧಕರು ದುಡ್ಡು ಕೊಡುತ್ತೇನೆಂದಾಗ ಮಾರುವುದಿಲ್ಲ ಎಂದು ಎದೆಯುಬ್ಬಿಸಿ ಹೇಳಿದೆ. ಮಾರದೇ ಇದ್ದದ್ದರಿಂದಲೇ ಅದು ನನ್ನದಾಯಿತು ಎಂದುಕೊಂಡಿದ್ದೆನೋ ಏನೋ.

ಹೋದ ವಾರ ಊರಿಗೆ ಫೋನ್ ಮಾಡಿ, ಈಗ ಭವನದಲ್ಲಿ ವಂದನೆ ಹೇಳಿಸುವ ಹುಡುಗನಿಗೆ ಎಲ್ಲ ಹೇಳಿದೆ. ಅವನಿಗೆ ಸಿಟ್ಟೇ ಬರಲಿಲ್ಲ. "ಅಕ್ಕಾ, ನಾವೀಗ ಮೊಬೈಲ್ ನೋಡ್ಕೊಂಡೇ ಹೇಳೋದು. ನಿಮ್ಮತ್ರಾನೇ ಇರ್ಲಿ, ಚೆನ್ನಾಗಿ ಇಟ್ಕೊಂಡಿದ್ದೀರಲ್ಲ" ಎಂದ. ಸದ್ಯ, ಈಗ ಕೊಟ್ಟ ಹಾಗಾಯಿತಲ್ಲ ಎಂದು ಉಸಿರು ಬಿಡುವಷ್ಟರಲ್ಲಿ ಕೇಳಿದ, "ಹಿಂದ್ಗಡೆ ದೀಕ್ಷೆ ತಗೊಂಡೋರ ಹೆಸ್ರು ಬರ್ದಿದ್ರಂತೆ. ನಮ್ಮಜ್ಜಿ ಹೆಸ್ರು ಐತಾ ನೋಡ್ತೀರಾ? ಪುಟ್ಟಮ್ಮ ಅಂತ."

ಇಪ್ಪತ್ತಕ್ಕೂ ಹೆಚ್ಚು ವರ್ಷ ನಾನು ಪಾಲಿಯ ತಪ್ಪುಗಳನ್ನಷ್ಟೇ ಓದಿದ್ದೆ. ಹೆಸರಿನ ಪುಟಗಳನ್ನು ಒಮ್ಮೆಯೂ ಪೂರ್ತಿ ಓದಿರಲಿಲ್ಲ. ತೆಗೆದು ನೋಡಿದರೆ 41 ಹೆಸರು, ಅವರಲ್ಲಿ ಮೂವರು ಪುಟ್ಟಮ್ಮಂದಿರು. ಯಾರು ಅವನ ಅಜ್ಜಿ ಎಂದು ನನಗೆ ಹೇಗೆ ಗೊತ್ತಾಗಬೇಕು? ಮರುದಿನ ಸಂಜೆ ಅವನು ಭವನದ ಜಗುಲಿಯಿಂದ ಫೋನ್ ಮಾಡಿ ಸ್ಪೀಕರ್ ಹಾಕಿದ. ಸುತ್ತ ಹೆಂಗಸರ ದನಿ. ನಾನು ಒಂದೊಂದೇ ಹೆಸರು ಓದಿದೆ. ಒಂದೊಂದಕ್ಕೂ ಆ ಕಡೆಯಿಂದ ಯಾರೋ, ಅದು ಇಂಥವರ ಅತ್ತೆ, ಇದು ಬಾವಿ ತೋಡಿಸಿದವರ ತಮ್ಮ, ಇವರು ಸತ್ತ ವರ್ಷವೇ ಮಳೆ ಬರಲಿಲ್ಲ ಎಂದು ಹೇಳುತ್ತಾ ಹೋದರು. ನಲವತ್ತೊಂದು ಹೆಸರಿಗೆ ಒಂದೂವರೆ ಗಂಟೆ ಹಿಡಿಯಿತು. ಮೂವರು ಪುಟ್ಟಮ್ಮಂದಿರಲ್ಲಿ ಒಬ್ಬರು ಇನ್ನೂ ಇದ್ದಾರೆ, ಅಲ್ಲೇ ಕೂತಿದ್ದರು. "ನನ್ ಹೆಸ್ರು ಇನ್ನೊಂದ್ಸಲ ಓದವ್ವ" ಎಂದರು.

ನಾಳೆ ಭಾನುವಾರ, ಬೆಳಿಗ್ಗೆ ಏಳರ ಬಸ್ಸಿಗೆ ಹೊರಟಿದ್ದೇನೆ. ಬರುವಾಗ ಒಳ್ಳೆಯದೊಂದು ಪೆನ್ನು ತನ್ನಿ ಎಂದಿದ್ದಾರೆ, ಆಮೇಲೆ ದೀಕ್ಷೆ ತಗೊಂಡವರ ಹೆಸರು ಎಲ್ಲೂ ಬರೆದಿಲ್ಲವಂತೆ. ಪುಸ್ತಕದ ಕೊನೆಯಲ್ಲಿ ಹನ್ನೊಂದು ಹಾಳೆ ಖಾಲಿ ಇವೆ. ಆ ಹಳೆಯ ಕಾಗದದ ಮೇಲೆ ಬಾಲ್‌ಪೆನ್ನು ಒತ್ತಿ ಬರೆಯುವುದನ್ನು ನೆನೆಸಿಕೊಂಡರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಶಾಯಿಯ ಪೆನ್ನು ತಗೊಂಡಿದ್ದೇನೆ.